ಹನ್ನಾ ಎಚ್‌ಐ702 ತಾಮ್ರ ಮಾಪಕ: ಕೊಡಗಿನ ಮಳೆಗಾಲಕ್ಕೂ ಒಗ್ಗುತ್ತದೆಯೇ?

ಘಟ್ಟ ಹತ್ತಿ ಬಂದ ಕಡಲ ಮೀನಿಗೆ ಕ್ವಾರಂಟೈನ್ ತೊಟ್ಟಿಯಲ್ಲಿ, ಅಂದರೆ ಹೊಸ ಮೀನನ್ನು ಬೇರೆಯಾಗಿಡುವ ತೊಟ್ಟಿಯಲ್ಲಿ, ತಾಮ್ರದ ಮದ್ದು ಹಾಕುವವರು ನೀರಿನ ತಾಮ್ರ ಅಳೆಯುವ ಈ ಮಾಪಕ ಇಟ್ಟುಕೊಳ್ಳಲೇಬೇಕು. ಕಾಪರ್ ಪವರ್ ಎಂಬ ಮದ್ದಿನಂಥ ಕೀಲೇಟೆಡ್ ತಾಮ್ರವನ್ನು (ಬೇರೆ ಅಣುವಿಗೆ ಕಟ್ಟಿಟ್ಟ ತಾಮ್ರ) 2.25ರಿಂದ 2.5 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ನಡುವೆ ಹಿಡಿದಿಡಬೇಕು. ಇಳಿದರೆ ಪರಾವಲಂಬಿ ಬದುಕುಳಿಯುತ್ತದೆ, ತೀರಾ ಏರಿದರೆ ಮೀನು ಮೇವು ಬಿಡುತ್ತದೆ. ಕಕ್ಕಡದ (ಕೊಡಗಿನ ಜಡಿಮಳೆಯ ತಿಂಗಳು) ಮಬ್ಬು ಬೆಳಕಿನಲ್ಲಿ ಬಣ್ಣ ಹೋಲಿಸುವ ಕಿಟ್ ನೋಡಿ ಇಷ್ಟು ಸಣ್ಣ ಅಂತರ ಹೇಳುವುದು ಆಗದ ಮಾತು.

ಆದರೆ ಕಾಯಿಲೆ ಗುರುತಿಸುವ ಕೆಲಸ ಮಾಪಕದ್ದಲ್ಲ. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಡಿಬಿಡಿ ಚುಕ್ಕೆಗಳಿದ್ದರೆ ಇಕ್ ಎಂಬ ಬಿಳಿಚುಕ್ಕೆ ರೋಗ. ಚುಕ್ಕೆ ಅತಿ ಸಣ್ಣದಾಗಿದ್ದು, ಮೀನು ಪಂಪಿನ ಹರಿವಿಗೆ ಎದುರಾಗಿ ನಿಂತು ಏದುಸಿರು ಬಿಡುತ್ತಿದ್ದರೆ ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗ. ಅಲ್ಲಿ ಒಂದು ದಿನವೂ ಕಾಯುವಂತಿಲ್ಲ. ಇವೆರಡಕ್ಕೂ ತಾಮ್ರ ಸರಿ. ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರಪದರವಾಗಿ ಕಳಚುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಬೇರೆಯೇ ಪರಾವಲಂಬಿ. ತಾಮ್ರ ಅದಕ್ಕೆ ನಾಟುವುದಿಲ್ಲ, ಫಾರ್ಮಲಿನ್ ಬೇಕು. ಕಿವಿರಿನಲ್ಲಿ ಫ್ಲೂಕ್ ಎಂಬ ಚಪ್ಪಟೆ ಹುಳುವಿನ ಅನುಮಾನವಿದ್ದರೆ ಉಷ್ಣತೆ, ಪಿಎಚ್ ಹೊಂದಿಸಿದ ಸಿಹಿನೀರಲ್ಲಿ 5 ನಿಮಿಷ ಅದ್ದಿ ನೋಡಿ. ಹುಳು ಬೆಳ್ಳಗಾಗಿ ಉದುರುತ್ತದೆ. ಅದಕ್ಕೆ ಮದ್ದು ಪ್ರಾಜಿಕ್ವಾಂಟೆಲ್.

ಅಳತೆ ಸುಲಭ. 10 ಮಿಲಿ ತೊಟ್ಟಿ ನೀರಿಟ್ಟು ಸೊನ್ನೆ ಮಾಡಿ, ಅದೇ ಸೀಸೆಗೆ ಪರೀಕ್ಷೆಯ ಪುಡಿ ಸುರಿದು ಕುಲುಕಿ, ಗುಂಡಿ ಒತ್ತಿ ಹಿಡಿದು ಎಣಿಕೆ ಮುಗಿಯುವವರೆಗೆ ಬಿಡಬೇಕು. ಎಡವುವುದು ಸೀಸೆಯಲ್ಲಿ. ಬೆರಳಚ್ಚು, ಗಾಳಿಗುಳ್ಳೆ, ಒಣಗಿದ ಉಪ್ಪು, ಹೊರಗೆ ಕಟ್ಟಿದ ತೇವ, ಯಾವುದಿದ್ದರೂ ಅಂಕಿ ಸುಳ್ಳಾಗುತ್ತದೆ. ಪ್ರತಿ ಸಲ ಹತ್ತಿಬಟ್ಟೆಯಲ್ಲಿ ಒರೆಸಿ. ಪುಡಿಯ ಪೊಟ್ಟಣಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದ ತೇವಕ್ಕೆ ಬೇರೆ ದಾರಿಯಿಲ್ಲ.

ಮಾಪಕದ ನಿಖರತೆ ±0.05 ಪಿಪಿಎಂ, ಜೊತೆಗೆ ತೋರಿಸಿದ ಅಂಕಿಯ ±5%. ಅಂದರೆ ತೆರೆಯಲ್ಲಿ 2.25 ಬಂದಾಗ ನೀರಲ್ಲಿ ನಿಜವಾಗಿ 2.09 ಮಾತ್ರ ಇರಬಹುದು. ಹಾಗಾಗಿ 2.4 ಗುರಿ ಇಟ್ಟುಕೊಳ್ಳುವುದೇ ಕ್ಷೇಮ. ಕ್ಯುಪ್ರಮೀನ್ ಎಂಬ ಇನ್ನೊಂದು ತಾಮ್ರದ ಮದ್ದಿನ ಗುರಿ 0.5 ಪಿಪಿಎಂ, ಅಷ್ಟು ಕೆಳಗೆ ಇದೇ ದೋಷ ದೊಡ್ಡದಾಗುತ್ತದೆ. ಅದರೊಂದಿಗೆ ಅಮೋನಿಯಾ ಹಿಡಿಯುವ ದ್ರಾವಣವನ್ನಂತೂ ಬೆರೆಸಲೇಬೇಡಿ, ತಾಮ್ರ ಇನ್ನಷ್ಟು ವಿಷವಾಗುತ್ತದೆ.

ಅಂಕಿ ದಿನೇದಿನೇ ಇಳಿಯುತ್ತಿದ್ದರೆ ಮಾಪಕವನ್ನು ದೂರುವ ಮುನ್ನ ತೊಟ್ಟಿ ನೋಡಿ. ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲ ಕಲ್ಲು), ಹವಳದ ಮರಳು, ಕಾರ್ಬನ್ ಎಲ್ಲವೂ ತಾಮ್ರ ಹೀರುತ್ತವೆ. ಬರೀ ಗಾಜಿನ ತೊಟ್ಟಿ, ಮೀನು ಅಡಗಲು ಪಿವಿಸಿ ಕೊಳವೆಯ ತುಂಡು ಸಾಕು. 40 ಲೀಟರಿನಲ್ಲಿ 10 ಲೀಟರ್ ಬದಲಿಸಿದರೆ 2.4 ಇದ್ದದ್ದು 1.8ಕ್ಕೆ ಬೀಳುತ್ತದೆ, ಆದ್ದರಿಂದ ಹೊಸ ಉಪ್ಪುನೀರಿಗೂ ಅಷ್ಟೇ ತಾಮ್ರ ಮೊದಲೇ ಬೆರೆಸಿಡಿ. ಆವಿಯಾದ ನೀರಿಗೆ ಮಾತ್ರ ಬರೀ ಆರ್‌ಒ (ಉಪ್ಪಿಲ್ಲದಂತೆ ಸೋಸಿದ) ನೀರು. ನಡುವೆ ತಾಮ್ರದ ಮಟ್ಟ ತಪ್ಪಿದರೆ ಮದ್ದಿನ 30 ದಿನದ ಎಣಿಕೆ ಮತ್ತೆ ಮೊದಲಿನಿಂದ.

ಮಡಿಕೇರಿಯ ಚಳಿಗೆ ಹೀಟರ್ ಬೇಕೇಬೇಕು. ಕರೆಂಟು ಹೋದಾಗ ಬ್ಯಾಟರಿ ಏರ್ ಪಂಪ್ ಓಡುತ್ತಿರಲಿ, ತಾಮ್ರದ ನೀರಲ್ಲಿ ಕಿವಿರಿಗೆ ಮೊದಲೇ ಕಷ್ಟ.

ಮಾಪಕದ ಜೊತೆ ಬರುವ ಪುಡಿ ಕೆಲವೇ ಅಳತೆಗೆ ಆಗುತ್ತದೆ. 25ರ ಕಟ್ಟೊಂದನ್ನು ಬೇರೆಯಾಗಿ ತರಿಸಿಕೊಳ್ಳಿ. ಮೊದಲ ವಾರ ದಿನವೂ, ಆಮೇಲೆ ದಿನ ಬಿಟ್ಟು ದಿನ ನೋಡಿದರೆ ಒಂದು ಸುತ್ತಿಗೆ ಸಾಲುತ್ತದೆ. ಮಳೆಗೆ ರಸ್ತೆ ಮುಚ್ಚಿದರೆ ಪಾರ್ಸೆಲ್ ತಡವಾಗುವ ಊರಿದು, ಮೀನು ತರಿಸಲು ಹೇಳುವ ಮುಂಚೆಯೇ ಕಟ್ಟು ಕೈಯಲ್ಲಿರಲಿ.