ಒಂದೇ ಕುತ್ತಿಗೆ, ಮೂರು ಚಿಕಿತ್ಸೆ

ಶುರುವಾದದ್ದು ವಿರಾಜಪೇಟೆಯ ಒಂದು ಮದುವೆಯಲ್ಲಿ. ನನ್ನ ಜೊತೆ ಶಾಲೆಯಲ್ಲಿದ್ದ ಕೊಡವ ಗೆಳತಿಯ ಮಗಳ ಮದುವೆ. "ಇವತ್ತು ನೀವೂ ನಮ್ಮ ಹಾಗೇ ಉಡ್ಬೇಕು ಟೀಚರೇ" ಎಂದು ನೆರಿಗೆ ಹಿಂದೆ ಬರುವಂತೆ ಸೀರೆ ಉಡಿಸಿ, ತಲೆಗೆ ವಸ್ತ್ರ ಕಟ್ಟಿ, ಕೊರಳಿಗೆ ಕೊಡವರ ಚಿನ್ನದ ಸರ ಜೋಮಾಲೆಯನ್ನೂ ಹಾಕಿದರು. ಆ ವಸ್ತ್ರ ಇದೆಯಲ್ಲ, ಅದು ಕೂದಲನ್ನೆಲ್ಲ ಹಿಂದಕ್ಕೆ ಕಟ್ಟಿ ದವಡೆಗೆ ಚೌಕಟ್ಟು ಹಾಕಿದ ಹಾಗೆ ಮಾಡಿಬಿಡುತ್ತದೆ. ಫೋಟೋ ಬಂದಾಗ ಜೋಮಾಲೆ ನೋಡಲಿಲ್ಲ, ಅದರ ಮೇಲೆ ಎದ್ದಿದ್ದ ಎರಡು ಹಗ್ಗ ನೋಡಿದೆ.

ನನಗೆ 56. ಕತ್ತಿಗೆ ಕತ್ತಿ ಹಾಕಿಸುವ ಧೈರ್ಯವಿಲ್ಲ. ಹಾಗಾಗಿ ಎರಡೂವರೆ ವರ್ಷದಲ್ಲಿ ಆಪರೇಷನ್ ಇಲ್ಲದ ಮೂರು ದಾರಿ ಹಿಡಿದೆ: ಆರ್‌ಎಫ್, ಹೈಫು, ಬೊಟಾಕ್ಸ್. ಪ್ರತಿ ಸಲವೂ ಮನೆಯ ಜಗಲಿಯಲ್ಲಿ ಅದೇ ಕುರ್ಚಿ, ಅದೇ ಸಂಜೆ ನಾಲ್ಕರ ಬೆಳಕು, ಕೂದಲು ಮೇಲೆ ಕಟ್ಟಿ ಫೋಟೋ. ಕ್ಲಿನಿಕ್‌ನವರು ತೆಗೆಯುವ 'ಮೊದಲು–ನಂತರ' ಫೋಟೋಗಳಲ್ಲಿ ಗಲ್ಲ ಸ್ವಲ್ಪ ಮೇಲೆತ್ತಿಸಿದರೆ ಸಾಕು, ಹತ್ತು ವರ್ಷ ಕಡಿಮೆಯಾಗುತ್ತದೆ. ಅದನ್ನು ನಂಬಬೇಡಿ.

ಮೊದಲು ತಿಳಿಯಬೇಕಾದದ್ದನ್ನು ನಾನು ಕೊನೆಗೆ ತಿಳಿದುಕೊಂಡೆ. 'ಕುತ್ತಿಗೆ ಜೋತು ಬಿದ್ದಿದೆ' ಅನ್ನುವುದರೊಳಗೆ ಬೇರೆ ಬೇರೆ ತಾಪತ್ರಯಗಳಿವೆ. ಉದ್ದಕ್ಕೆ ಎದ್ದು ಕಾಣುವ ಹಗ್ಗಗಳು ಪ್ಲಾಟಿಸ್ಮಾ ಎಂಬ ತೆಳುವಾದ ಸ್ನಾಯುವಿನವು. ಅದು ಎದೆಯ ಮೇಲ್ಭಾಗದಿಂದ ದವಡೆಯವರೆಗೆ ಹಾಳೆಯಂತೆ ಹರಡಿರುತ್ತದೆ, ಬಿಗಿಯಾದಾಗ ಮುಖವನ್ನು ಕೆಳಗೆಳೆಯುತ್ತದೆ. ಬಾಡಿದ ಎಲೆಯ ಹಾಗಿನ ಸುಕ್ಕು ಚರ್ಮದ್ದು. ಮುಟ್ಟು ನಿಂತ ಮೊದಲ 5 ವರ್ಷಗಳಲ್ಲೇ ಚರ್ಮದ ಕೊಲಾಜೆನ್ ಸುಮಾರು ಶೇ 30ರಷ್ಟು ಇಳಿದುಹೋಗುತ್ತದೆ. ಗಲ್ಲದ ಕೆಳಗಿನ ಚೀಲ ಕೊಬ್ಬಾಗಿರಬಹುದು, ಬರೀ ಸಡಿಲ ಚರ್ಮವೂ ಆಗಿರಬಹುದು. ಯಾವುದಕ್ಕೆ ಯಾವುದು ಅಂತ ಕೇಳದೆ ಹೋದರೆ ತೋಟದ ರೋಗ ನೋಡದೆ ಔಷಧಿ ಹೊಡೆದ ಹಾಗೆ.

ಮೊದಲು ಮಾಡಿಸಿದ್ದು ಆರ್‌ಎಫ್. ರೇಡಿಯೋ ತರಂಗದಿಂದ ಚರ್ಮದೊಳಗೆ ಶಾಖ ಕೊಡುವುದು. ಜೆಲ್ ಹಚ್ಚಿ, ಕಡ್ಡಿಯಂಥದ್ದನ್ನು ಕುತ್ತಿಗೆ ಮೇಲೆ ಸುತ್ತಿಸುತ್ತಾರೆ. ಹೊರಗಿನ ಚರ್ಮದ ಬಿಸಿ 40–42 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ. ನೋವಿಲ್ಲ, ಜ್ವರ ಬಂದಾಗ ಅಮ್ಮ ಬಿಸಿ ಬಟ್ಟೆ ಇಟ್ಟ ಹಾಗೆ. ನಾನಂತೂ ಎರಡನೇ ಸಲ ನಿದ್ದೆಯೇ ಹೋದೆ. ತಿಂಗಳಿಗೊಂದರಂತೆ ನಾಲ್ಕು ಸಲ, ಪ್ರತಿ ಸಲ 5000 ರೂಪಾಯಿ. ನಮ್ಮಂಥ ಕಂದು ಚರ್ಮಕ್ಕೆ ಇದರ ಒಂದು ಅನುಕೂಲ ಏನೆಂದರೆ, ಈ ಶಾಖ ಚರ್ಮದ ಬಣ್ಣವನ್ನು ಹುಡುಕಿಕೊಂಡು ಹೋಗುವುದಿಲ್ಲ, ಕೆಲವು ಲೇಸರ್‌ಗಳ ಹಾಗೆ ಕಪ್ಪು ಕಲೆ ಬೀಳುವ ಭಯ ಕಡಿಮೆ. ಪೇಸ್‌ಮೇಕರ್ ಇದ್ದವರಿಗೆ ಮಾತ್ರ ಬೇಡ.

ಎರಡು ತಿಂಗಳು ಏನೂ ಕಾಣಲಿಲ್ಲ. "ಶಾಖ ಕೊಡೋಕೆ ಮೈಸೂರಿಗೆ ಯಾಕೆ ಹೋಗ್ಬೇಕು ಮಾರಾಯ್ತಿ, ಒಲೆ ಮುಂದೆ ಕೂತ್ಕೋ" ಎಂದರು ನಮ್ಮವರು. ನಾಲ್ಕನೆಯದು ಮುಗಿದು ಮೂರು ತಿಂಗಳಾದ ಮೇಲೆ ಫೋಟೋದಲ್ಲಿ ಸುಕ್ಕು ಸಣ್ಣಗಾಗಿತ್ತು. ಹಗ್ಗ ಹಾಗೇ ಇತ್ತು.

ದವಡೆಗೆ ಇನ್ನೂ ಜೋರಾದದ್ದು ಬೇಕು ಅಂತ ಮರುವರ್ಷ ಹೈಫು. ಸ್ಕ್ಯಾನಿಂಗ್‌ಗೆ ಬಳಸುವಂಥ ಶಬ್ದತರಂಗವನ್ನೇ ಒಂದು ಬಿಂದುವಿಗೆ ಕೂಡಿಸಿ, ಚರ್ಮ ಸುಡದೆ, 4.5 ಮಿ.ಮೀ. ಆಳದವರೆಗೆ 60–70 ಡಿಗ್ರಿಯ ಚುಕ್ಕಿ ಬಿಸಿ ಮುಟ್ಟಿಸುವುದು. ಫೇಸ್‌ಲಿಫ್ಟ್ ಮಾಡುವ ಸರ್ಜನ್‌ಗಳು ಬಿಗಿಮಾಡುವ ಪದರ ಅದೇ. ಕೇಳಲು ಚೆನ್ನಾಗಿದೆ. ಮಲಗಿದ ಮೇಲೆ ಗೊತ್ತಾಯಿತು. ಕುತ್ತಿಗೆಯಲ್ಲಿ ಸಹಿಸಬಹುದು, ದವಡೆಯ ಮೂಳೆ ಮೇಲೆ ಬಂದಾಗ ಹಲ್ಲಿನ ಬೇರಿಗೆ ಸೂಜಿ ಚುಚ್ಚಿದ ಹಾಗೆ. ಒಂದು ಗಂಟೆಗೆ 38,000 ರೂಪಾಯಿ ಕೊಟ್ಟು ಹಾಗೆ ಒದ್ದಾಡಿದವಳು ನಾನೊಬ್ಬಳೇ ಇರಲಿಕ್ಕಿಲ್ಲ. ಆಮೇಲೆ ಎಡದವಡೆ ಮೂರು ವಾರ ಮರಗಟ್ಟಿತ್ತು. ಕೇಳಿದರೆ ಕ್ಲಿನಿಕ್‌ನವರು "ಕೆಲಸ ಮಾಡ್ತಿದೆ ಅಂತ ಅರ್ಥ" ಎಂದರು. ಬೇರೆ ಡಾಕ್ಟರು ಹೇಳಿದ್ದು: ನರಕ್ಕೆ ಬಿಸಿ ತಾಗಿದೆ, ಹೆಚ್ಚಾಗಿ ತಾನಾಗಿ ಹೋಗುತ್ತದೆ, ಆದರೆ ಅದು ಗುಣದ ಗುರುತಲ್ಲ. ಹೋಯಿತು, ಸದ್ಯ.

ಹೈಫು ಹೆಸರಿನ ಯಂತ್ರಗಳೆಲ್ಲ ಒಂದೇ ಅಲ್ಲ ಅನ್ನುವುದೂ ಆಮೇಲೆ ತಿಳಿಯಿತು. ಅಲ್ಥೆರಪಿಯಂಥದ್ದರಲ್ಲಿ ಯಾವ ಪದರಕ್ಕೆ ಬಿಸಿ ಹೋಗುತ್ತಿದೆ ಅನ್ನುವುದು ಪರದೆಯ ಮೇಲೆ ಕಾಣುತ್ತದೆ. ನನಗೆ ಮಾಡಿದ್ದರಲ್ಲಿ ಪರದೆ ಇತ್ತು, ಅಂಕಿ ಮಾತ್ರ ಕಾಣುತ್ತಿತ್ತು. ಮೂರು ತಿಂಗಳ ನಂತರ ದವಡೆ ಗೆರೆ ಒಂದಿಷ್ಟು ಚೊಕ್ಕ ಆದದ್ದು ನಿಜ. ತೋರಿಸಿ ಹೇಳಿದರೆ ಮಾತ್ರ ಕಾಣುವಷ್ಟು. ಮಗಳು ವಿಡಿಯೋ ಕಾಲ್‌ನಲ್ಲಿ "ಅಮ್ಮ, ಸ್ವಲ್ಪ ಸಣ್ಣ ಆಗಿದ್ದೀಯಾ?" ಎಂದಳು. 38,000ಕ್ಕೆ ಸಿಕ್ಕಿದ್ದು ಆ ಒಂದು ಮಾತು.

ಗಲ್ಲದ ಕೆಳಗಿನ ಕೊಬ್ಬು ಕರಗಿಸುವ ಇಂಜೆಕ್ಷನ್ ಕೂಡ ಕೇಳಿದ್ದೆ. ಡಿಆಕ್ಸಿಕೋಲಿಕ್ ಆಸಿಡ್, ನಮ್ಮ ಪಿತ್ತರಸದಲ್ಲೇ ಇರುವಂಥದ್ದು. ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಪಡೆಯಿತು. ಡಾಕ್ಟರು ಗಲ್ಲ ಚಿವುಟಿ ನೋಡಿ, "ಮೇಡಂ, ಇಲ್ಲಿ ಕೊಬ್ಬೇ ಇಲ್ಲ, ಬರೀ ಚರ್ಮ. ಖಾಲಿ ಮಾಡಿದ್ರೆ ಇನ್ನೂ ಜೋಲುತ್ತೆ" ಎಂದರು. ಬೇಡ ಅನ್ನುವ ಡಾಕ್ಟರು ಸಿಕ್ಕಿದರೆ ಬಿಡಬೇಡಿ. ಚರ್ಮದೊಳಗೆ ದಾರ ಹಾಕಿ ಮೇಲಕ್ಕೆಳೆಸುವ ಥ್ರೆಡ್ ಲಿಫ್ಟ್ ನಾನು ಮಾಡಿಸಲಿಲ್ಲ, ನಾದಿನಿ ಮಾಡಿಸಿದಳು. ಬಾಯಿ ದೊಡ್ಡದಾಗಿ ತೆರೆಯಬಾರದು ಅಂದಿದ್ದರಂತೆ, ಕೈಲ್‌ಪೋದ್ ಹಬ್ಬದ ದಿನ ಅಕ್ಕಿ ಉಂಡೆ ಕಡುಂಬುಟ್ಟನ್ನು ಚೂರು ಚೂರು ಮಾಡಿ ತಿಂದಳು ಪಾಪ.

ಕೊನೆಯದು ಬೊಟಾಕ್ಸ್, ಸ್ನಾಯುವನ್ನು ಸಡಿಲ ಮಾಡುವ ಇಂಜೆಕ್ಷನ್. ಇದಕ್ಕೇ ನಾನು ಜಾಸ್ತಿ ಹೆದರಿದ್ದು. "ಹಲ್ಲು ಕಚ್ಚಿ 'ಈ' ಅನ್ನಿ" ಎಂದರು ಡಾಕ್ಟರು. ಹಗ್ಗಗಳು ಎದ್ದು ನಿಂತವು. ಅವುಗಳ ಉದ್ದಕ್ಕೂ, ದವಡೆಯ ಅಂಚಿಗೂ ಸಣ್ಣ ಸಣ್ಣ ಚುಚ್ಚು. 26 ಯೂನಿಟ್, 10,400 ರೂಪಾಯಿ, ಹತ್ತು ನಿಮಿಷ. ಕೆಳಗೆಳೆಯುವ ಸ್ನಾಯು ಸಡಿಲವಾದರೆ ಮೇಲೆತ್ತುವ ಸ್ನಾಯುಗಳ ಕೈ ಮೇಲಾಗುತ್ತದೆ, ಲೆಕ್ಕ ಅಷ್ಟೇ. ಐದನೇ ದಿನ ಹಗ್ಗ ಮೆತ್ತಗಾಯಿತು, ಎರಡನೇ ವಾರಕ್ಕೆ ಮಾಯ! ಆರ್‌ಎಫ್, ಹೈಫು ಎರಡೂ ಸೇರಿ ಮುಟ್ಟಲಾಗದ್ದನ್ನು ಇದು ಮಾಡಿತು. ತೊಂದರೆ ಇರಲಿಲ್ಲವೇ? ಇತ್ತು. ಒಂದು ವಾರ ಹಾಸಿಗೆಯಿಂದ ಏಳುವಾಗ ತಲೆ ಭಾರ, ಅಕ್ಕಿರೊಟ್ಟಿ ನುಂಗಲು ನೀರು ಬೇಕಾಗುತ್ತಿತ್ತು. ಔಷಧಿ ಆಳಕ್ಕೆ ಹೋದರೆ ನುಂಗುವುದೇ ಕಷ್ಟವಾಗಬಹುದು. ಅದಕ್ಕೇ ಇದನ್ನು ಪಾರ್ಲರ್‌ನಲ್ಲಿ ಮಾಡಿಸಲೇಬೇಡಿ. ಸ್ನಾಯು ದುರ್ಬಲವಾಗುವ ಕಾಯಿಲೆ ಇದ್ದವರು ಮೊದಲೇ ಹೇಳಬೇಕು. ಚರ್ಮದ ಸುಕ್ಕನ್ನು ಮಾತ್ರ ಇದು ಮುಟ್ಟಲೇ ಇಲ್ಲ.

ಮೂರೂವರೆ ತಿಂಗಳಿಗೆ ಹಗ್ಗ ವಾಪಸ್. ನಮ್ಮೂರಿನವರಿಗೆ ನಿಜವಾದ ಖರ್ಚು ಇಲ್ಲಿದೆ. ಗೋಣಿಕೊಪ್ಪದಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನ ಪೂರ್ತಿ. ತಿತಿಮತಿ ಹತ್ತಿರ ಆನೆ ಇದ್ದೀತು ಅಂತ ಕತ್ತಲಾಗುವ ಮೊದಲೇ ಮರಳಬೇಕು. ಕಾಫಿ ಕುಯ್ಲಿನ ಸಮಯದಲ್ಲಿ ಕಣ ಬಿಟ್ಟು ಹೋಗಲು ಆಗುವುದೇ? ಹೈಫುಗೆ ಒಂದೇ ಪ್ರಯಾಣ, ಆರ್‌ಎಫ್‌ಗೆ ನಾಲ್ಕು, ಬೊಟಾಕ್ಸ್‌ಗೆ ಬದುಕಿರುವವರೆಗೆ ವರ್ಷಕ್ಕೆ ಮೂರು. ಆದರೂ ನನ್ನ ಓಟು ಬೊಟಾಕ್ಸ್‌ಗೇ, ವರ್ಷಕ್ಕೆ ಒಂದೇ ಸಲ, ಮದುವೆಗಳ ಕಾಲಕ್ಕೆ. ಎರಡು ವರ್ಷಕ್ಕೊಮ್ಮೆ ಆರ್‌ಎಫ್. ಹೈಫು ಇನ್ನಿಲ್ಲ.

ಉಳಿದ ದಿನಗಳಿಗೆ ವಾರಕ್ಕೆರಡು ರಾತ್ರಿ ಸುಕ್ಕಿಗೆ ಹಚ್ಚುವ ಟ್ರೆಟಿನಾಯಿನ್ ಕ್ರೀಮ್, ಡಾಕ್ಟರು ಬರೆದುಕೊಟ್ಟದ್ದು. ಕತ್ತಿನಲ್ಲಿ ಎಣ್ಣೆ ಗ್ರಂಥಿ ಕಡಿಮೆ, ದಿನಾ ಹಚ್ಚಿದರೆ ಕೆಂಪಾಗಿ ಉರಿಯುತ್ತದೆ, ನಾನು ಮಾಡಿ ನೋಡಿದ್ದೇನೆ. ಬೆಳಿಗ್ಗೆ ಸನ್‌ಸ್ಕ್ರೀನ್, ಕತ್ತಿಗೂ. ಮಂಜಿನ ಊರಲ್ಲಿ ಅದೆಲ್ಲ ಯಾಕೆ ಅನ್ನುವವರಿಗೆ: ಪ್ರತಿ 1000 ಮೀಟರ್ ಎತ್ತರಕ್ಕೆ ಬಿಸಿಲಿನ ಯುವಿ ಕಿರಣ ಸುಮಾರು ಶೇ 10 ಹೆಚ್ಚುತ್ತದೆ, ಮೋಡವೂ ಅದನ್ನು ಪೂರ್ತಿ ತಡೆಯುವುದಿಲ್ಲ.

ಗೆಳತಿಯ ಎರಡನೇ ಮಗಳ ಮದುವೆ ಡಿಸೆಂಬರಿನಲ್ಲಿ. ನವೆಂಬರ್ ಎರಡನೇ ವಾರಕ್ಕೆ ಹೆಸರು ಬರೆಸಿದ್ದೇನೆ. ಹೈಫು ಕ್ಲಿನಿಕ್‌ನಿಂದ ಇನ್ನೂ ಮೆಸೇಜ್ ಬರುತ್ತಲೇ ಇದೆ, ಹಳೆಯ ಗಿರಾಕಿಗಳಿಗೆ ರಿಯಾಯಿತಿಯಂತೆ.