ರಾತ್ರಿಯಿಡೀ ಆಟ, ಮೂರು ಕ್ಯಾಮೆರಾ: ಡಾವಿಂಚಿ ರಿಸಾಲ್ವ್ ಜೊತೆ ಕೆಲವು ತಿರುಗಾಟ

ಉಡುಪಿ ಸುತ್ತಮುತ್ತ ಯಕ್ಷಗಾನ ಬಯಲಾಟ ರೆಕಾರ್ಡ್ ಮಾಡುವ ಯಾರು ಕೇಳಿದರೂ ನಾನು ಹೇಳುವುದು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರಿನ ಹೆಸರನ್ನೇ. ಕೆಲವು ತಿರುಗಾಟಗಳಿಂದ, ಅಂದರೆ ಮೇಳಗಳ ಸೀಸನ್‌ಗಳಿಂದ, ಇದರಲ್ಲೇ ಕೆಲಸ. ಬಣ್ಣ ತಿದ್ದಲು ಚೆನ್ನಾಗಿದೆ ಅಂತ ಎಲ್ಲರೂ ಹೊಗಳುತ್ತಾರೆ, ನಿಜವೇ. ನನಗೆ ಹಿಡಿಸಿದ್ದು ಮಾತ್ರ ಪ್ರಾಕ್ಸಿ (ಎಡಿಟಿಂಗಿಗೆ ಮಾಡಿಕೊಳ್ಳುವ ಹಗುರ ಪ್ರತಿ) ಮತ್ತು ರೆಂಡರ್ ಕ್ಯೂ (ಮುಗಿದ ವಿಡಿಯೊಗಳನ್ನು ಒಂದಾದ ಮೇಲೊಂದು ಫೈಲಾಗಿ ತೆಗೆಯುವ ಸಾಲು).

ಲೆಕ್ಕ ನೋಡಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ಆಗುತ್ತದೆ. ಎಂಟು ಗಂಟೆಯ ಆಟ, ಮೂರು ಕ್ಯಾಮೆರಾ ಅಂದರೆ ಒಂದು ಟಿಬಿಗಿಂತ ಜಾಸ್ತಿ. ಅದೂ ಎಚ್.264 ಎಂಬ, ವಿಡಿಯೊ ಕುಗ್ಗಿಸುವ ವಿಧಾನದಲ್ಲಿ. ಇದರಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲೊಂದು ಇಲ್ಲೊಂದು. ನಡುವೆ ಇರುವುದು ಏನೇನು ಬದಲಾಯಿತು ಎಂಬ ವಿವರ ಮಾತ್ರ. ಟೈಮ್‌ಲೈನಿನಲ್ಲಿ ಎಲ್ಲೋ ಕ್ಲಿಕ್ ಮಾಡಿದರೆ ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರದಿಂದ ಕಟ್ಟಿಕೊಂಡು ಬರಬೇಕು. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದಾಗ ಸಿಕ್ಕಿಕೊಂಡು ನಿಲ್ಲುವುದು ಅದಕ್ಕೇ.

2022ರಲ್ಲಿ 18ನೇ ಆವೃತ್ತಿಯ ಜೊತೆ ಪ್ರಾಕ್ಸಿ ಜನರೇಟರ್ ಎಂಬ ಪುಟ್ಟ ಆ್ಯಪ್ ಬಂತು. ಒಂದು ಫೋಲ್ಡರ್ ತೋರಿಸಿದರೆ ಸಾಕು, ಅದರಲ್ಲಿ ಬಿದ್ದ ಫೈಲುಗಳಿಗೆಲ್ಲ ಸಣ್ಣ ಪ್ರತಿ ತಾನೇ ಮಾಡುತ್ತದೆ. ಬೆಳಿಗ್ಗೆ ಮನೆಗೆ ಬಂದು, ಮೀಡಿಯಾ ಪುಟದ ಕ್ಲೋನ್ ಟೂಲಿನಿಂದ ಕಾರ್ಡುಗಳನ್ನು ಎರಡು ಡಿಸ್ಕಿಗೆ ಇಳಿಸಿ, ಇದನ್ನು ಹಚ್ಚಿ ಮಲಗುತ್ತೇನೆ. ಎದ್ದ ಮೇಲೆ ಎಡಿಟಿಂಗ್ ಸರಾಗ. ಮಲ್ಟಿಕ್ಯಾಮ್, ಅಂದರೆ ಮೂರೂ ಕ್ಯಾಮೆರಾ ಒಟ್ಟಿಗೆ ಹೊಂದಿಸುವುದಂತೂ ಸುಲಭ. ಶಬ್ದದ ಅಲೆ ನೋಡಿ ಅದೇ ಜೋಡಿಸುತ್ತದೆ, ಚೆಂಡೆಯ ಪೆಟ್ಟು ಅಷ್ಟು ಸ್ಪಷ್ಟವಾಗಿ ಕಾಣುತ್ತದೆ! ರೆಂಡರ್ ಮಾಡುವಾಗ 'ಯೂಸ್ ಪ್ರಾಕ್ಸಿ ಮೀಡಿಯಾ'ಗೆ ಟಿಕ್ ಇಲ್ಲ ಅಂತ ನೋಡಿಕೊಳ್ಳಿ, ಆಗ ಮೂಲ ಫೈಲಿನಿಂದಲೇ ರೆಂಡರ್ ಆಗುತ್ತದೆ.

ಇಡೀ ಆಟವನ್ನು ಒಂದೇ ಫೈಲಾಗಿ ತೆಗೆಯಬೇಡಿ. ಎಂಪಿ4 ಫೈಲಿನ ಸೂಚಿ (ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ) ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ಆರು ಗಂಟೆಯ ರೆಂಡರ್ ಆಗುವಾಗ ಕರೆಂಟು ಹೋದರೆ, ಸುಮ್ನೆ ದೊಡ್ಡದೊಂದು ಫೈಲ್ ಉಳಿಯುತ್ತದೆ, ತೆರೆಯುವುದಿಲ್ಲ. ನಮ್ಮ ಕಡೆ ಮಳೆಗಾಲ ಹೇಗೆ ಅಂತ ಗೊತ್ತಲ್ವಾ? ಪದ್ಯ ಮುಗಿಯುವ ಕಡೆ ತುಂಡು ಮಾಡಿ, ಗಂಟೆಗೊಂದರಂತೆ ಕ್ಯೂಗೆ ಹಾಕುತ್ತೇನೆ. 1080ಪಿ, 8 ಮೆಗಾಬಿಟ್ ಇಟ್ಟರೆ ಗಂಟೆಗೆ ಸುಮಾರು 3.6 ಜಿಬಿ. ಅದು ಯೂಟ್ಯೂಬಿಗೂ ಸಾಕು, ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ ಒಂದು ಫೈಲಿಗಿರುವ 4 ಜಿಬಿ ಮಿತಿಯೊಳಗೂ ಕೂರುತ್ತದೆ. ಮೇಳದ ಹಿರಿಯ ಕಲಾವಿದರು ಟಿವಿಗೆ ಚುಚ್ಚಿ ತಮ್ಮ ವೇಷ ನೋಡಬೇಕಲ್ಲ, ಅದು ನನಗೆ ಮುಖ್ಯ.

ಬರೀ ಒಂದು ಒಡ್ಡೋಲಗ (ವೇಷದ ರಂಗಪ್ರವೇಶ) ಬೇಕು ಅಂತ ಯಾರಾದರೂ ಕೇಳಿದರೆ ರಿಸಾಲ್ವ್ ತೆರೆಯುವುದೇ ಇಲ್ಲ. ಲಾಸ್‌ಲೆಸ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಮತ್ತೆ ರೆಂಡರ್ ಮಾಡದೆ ಹಾಗೇ ಕತ್ತರಿಸುತ್ತದೆ. ಕತ್ತರಿ ಬೀಳುವ ಜಾಗ ಸ್ವಲ್ಪ ಆಚೀಚೆ ಆಗಬಹುದು, ಅಷ್ಟೇ.

ಉಚಿತ ಆವೃತ್ತಿಯಲ್ಲಿ 4ಕೆ, 60 ಫ್ರೇಮ್ ತನಕ ತೆಗೆಯಬಹುದು. ಆದರೆ ಕತ್ತಲಿನ ಕಾಳುಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಇದೆ. ಅದರ ಬೆಲೆ 295 ಡಾಲರ್, ಒಂದೇ ಸಲ ಕೊಟ್ಟರಾಯಿತು. ರಾತ್ರಿಯ ಕೆಲಸವೇ ಜಾಸ್ತಿ ಇರುವವರು ಕೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿಲ್ಲದಿದ್ದರೆ ಮಾತ್ರ ರಿಸಾಲ್ವ್ ಬಹಳ ಕಾಡುತ್ತದೆ.

ಇನ್ನೊಂದು ತೊಂದರೆ ಇದೆ. ಹೊಸ ಆವೃತ್ತಿಗೆ ಒಮ್ಮೆ ಏರಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ. ಹಾಗಾಗಿ ಅಪ್‌ಡೇಟ್ ಏನಿದ್ದರೂ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆಯೇ ಮಾಡುತ್ತೇನೆ.