12 ಬಿಟ್ ಎಂದು ನಂಬಿಸಿ 8 ಬಿಟ್ ಎಸ್‌ಡಿಆರ್ ಬೋರ್ಡ್ ಕೊಟ್ಟರು, ನೀವು ಮೋಸ ಹೋಗಬೇಡಿ

ಸಾಫ್ಟ್‌ವೇರಿನಲ್ಲೇ ಎಎಂ ರೇಡಿಯೋ ಕಟ್ಟಲು ಹೊರಟವರು ಬೋರ್ಡ್ ಕೊಳ್ಳುವ ಮುಂಚೆ ಇದನ್ನು ಓದಿ. ಇನ್ನೂ ಸಿಟ್ಟು ಇಳಿದಿಲ್ಲ, ಬರಹ ಹಿಂದುಮುಂದಾದರೆ ಕ್ಷಮಿಸಿ.

ಮೀಡಿಯಂ ವೇವ್ ಕೇಳಲೆಂದೇ ಒಂದು ಎಸ್‌ಡಿಆರ್ ಬೋರ್ಡ್ (ಸಿಗ್ನಲನ್ನು ಸಂಖ್ಯೆ ಮಾಡಿ ಕೊಡುವ ರೇಡಿಯೋ, ಮಿಕ್ಕದ್ದೆಲ್ಲ ಸಾಫ್ಟ್‌ವೇರ್) ತರಿಸಿದೆ. ಮಾರುವವರು 12 ಬಿಟ್ ಎಡಿಸಿ ಎಂದು ಬರೆದಿದ್ದರು. ಎಡಿಸಿ ಅಂದ್ರೆ ಸಿಗ್ನಲನ್ನು ಅಳೆದು ಸಂಖ್ಯೆ ಮಾಡುವ ಚಿಪ್; ಬಿಟ್ ಹೆಚ್ಚಿದಷ್ಟೂ ಅಳತೆ ಸೂಕ್ಷ್ಮ. ನಾನು ಎರಡು ಸಲ ಕೇಳಿದ್ದೆ. ಎರಡು ಸಲವೂ "ಹೌದು, 12 ಬಿಟ್" ಎಂದರು.

ಕೋಡ್ ಎಲ್ಲ ನಾನೇ ಬರೆದೆ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್, ಅಂದ್ರೆ ಅಷ್ಟು ಅಳತೆಗಳು. ಬೇಕಾದ ಸ್ಟೇಷನ್ನನ್ನು ಸೊನ್ನೆ ಫ್ರೀಕ್ವೆನ್ಸಿಗೆ ಇಳಿಸಿ, ಫಿಲ್ಟರ್ ಹಾಕಿ, 50ಕ್ಕೆ ಒಂದು ಉಳಿಸಿಕೊಂಡರೆ 48 ಸಾವಿರ. ಐ ಮತ್ತು ಕ್ಯೂ (ಹೀಗೆ ಇಳಿಸಿದ ಸಿಗ್ನಲ್ಲಿನ ಎರಡು ಭಾಗಗಳು) ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದು, ಡಿಸಿ (ಬದಲಾಗದೆ ಉಳಿಯುವ ಭಾಗ) ಕಳೆದರೆ ಮಾತು ಕೇಳಿಸಬೇಕು. ಹತ್ತಿರದ ಜೋರು ಸ್ಟೇಷನ್ ಕೇಳಿಸಿತು. ಆದರೆ ಎಲ್ಲಿಗೆ ಟ್ಯೂನ್ ಮಾಡಿದರೂ ಅದರದ್ದೇ ಗಲಾಟೆ. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಇಳಿಸಿದರೆ ದೂರದ ಸ್ಟೇಷನ್‌ಗಳು ಮುಳುಗಿಹೋಗುತ್ತಿದ್ದವು. ನನ್ನ ಫಿಲ್ಟರೇ ಸರಿಯಿಲ್ಲ ಅಂದುಕೊಂಡೆ. ಫಿಲ್ಟರಿನ ಟ್ಯಾಪ್ (ಗುಣಾಂಕಗಳು) ಜಾಸ್ತಿ ಮಾಡಿದೆ, ಅವುಗಳನ್ನು ತಿದ್ದುವ ವಿಂಡೋ ಬದಲಿಸಿದೆ. ಮೂರು ವಾರ! ಮೂರು ವಾರ ನನ್ನನ್ನೇ ಬೈದುಕೊಂಡೆ.

ಕೊನೆಗೆ ಒಂದು ರಾತ್ರಿ ಕಚ್ಚಾ ಸ್ಯಾಂಪಲ್‌ಗಳನ್ನೇ ಪ್ರಿಂಟ್ ಮಾಡಿದೆ. 624, -1408, 1232, -272, 1888. ಏನೋ ವಿಚಿತ್ರ ಅನ್ನಿಸಿತು. ಮತ್ತೆ ನೋಡಿದೆ. ಎಲ್ಲವೂ 16ರಿಂದ ಭಾಗವಾಗುವ ಸಂಖ್ಯೆಗಳೇ. ಹತ್ತು ಲಕ್ಷ ಸ್ಯಾಂಪಲ್ ಎಣಿಸಿದೆ. 4096 ಬೇರೆ ಬೇರೆ ಬೆಲೆಗಳಿಗೆ ಜಾಗ ಇರುವ ಕಡೆ ಎಣಿಕೆ 256 ದಾಟಲೇ ಇಲ್ಲ. ಅಂದ್ರೆ ಬರುತ್ತಿದ್ದದ್ದು 8 ಬಿಟ್. ಅವರ ಡ್ರೈವರ್ ಅದನ್ನು ನಾಲ್ಕು ಬಿಟ್ ಎಡಕ್ಕೆ ತಳ್ಳಿ 12 ಅಂತ ತೋರಿಸುತ್ತಿತ್ತು. ಮೈ ಉರಿದುಹೋಯಿತು. ಅದಕ್ಕಿಂತ ಜಾಸ್ತಿ ನಾಚಿಕೆ ಆಯಿತು. ಮೊದಲ ದಿನವೇ ಐದು ನಿಮಿಷದಲ್ಲಿ ನೋಡಬಹುದಿತ್ತಲ್ವಾ?

ಇನ್ನು ಅವರ ಉತ್ತರಗಳು. ಮೊದಲು "ಆಂಟೆನಾ ಸರಿಯಿಲ್ಲ" ಎಂದರು. ಆಮೇಲೆ "ನಿಮ್ಮ ಕೋಡ್ ತಪ್ಪು" ಎಂದರು. ಸಂಖ್ಯೆಗಳನ್ನು ಕಳಿಸಿದ ಮೇಲೆ ಮಾತೇ ಬದಲಾಯಿತು: "ಡೆಸಿಮೇಷನ್ ಆದ ಮೇಲೆ 12 ಬಿಟ್ ಸಿಗುತ್ತದೆ." ನನ್ನನ್ನು ಹೆಚ್ಚು ಕೆರಳಿಸಿದ್ದು ಇದೇ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಡೆಸಿಮೇಷನ್ ಅಂದ್ರೆ ನಾನು 50ಕ್ಕೆ ಒಂದು ಉಳಿಸಿಕೊಂಡ ಹಾಗೆ, ಫಿಲ್ಟರ್ ಹಾಕಿ ಸ್ಯಾಂಪಲ್ ದರ ಇಳಿಸುವುದು. ದರ ನಾಲ್ಕು ಪಟ್ಟು ಇಳಿಸಿದರೆ ಒಂದು ಬಿಟ್ ಲಾಭ. 50 ಪಟ್ಟಿಗೆ ಮೂರು ಬಿಟ್ಟೂ ಆಗುವುದಿಲ್ಲ. ಆ ಲಾಭವೂ ನಾನು ಬರೆದ ಫಿಲ್ಟರಿನದು, ಅವರ ಬೋರ್ಡಿನದಲ್ಲ. ಜೋರು ಸ್ಟೇಷನ್ ಎಡಿಸಿಯನ್ನೇ ತುಂಬಿಬಿಟ್ಟರೆ ಆಮೇಲೆ ಯಾವ ಫಿಲ್ಟರ್ ಏನು ಮಾಡೀತು? ಎಡಿಸಿ ಒಟ್ಟಿಗೆ ಹಿಡಿಯಬಲ್ಲ ಜೋರು ಮತ್ತು ಕ್ಷೀಣ ಸಿಗ್ನಲ್‌ಗಳ ನಡುವಿನ ವ್ಯಾಪ್ತಿ 8 ಬಿಟ್‌ಗೆ ಹೆಚ್ಚೆಂದರೆ ಸುಮಾರು 50 ಡೆಸಿಬಲ್, 12 ಬಿಟ್‌ಗೆ 74. ಈ ಅಂತರಕ್ಕೇ ಅಲ್ವಾ ನಾನು ಜಾಸ್ತಿ ದುಡ್ಡು ಕೊಟ್ಟದ್ದು?

ಕೊನೆಯ ಉತ್ತರ: "ವಾಪಸ್ ಅವಧಿ ಮುಗಿದಿದೆ." ಮುಗಿಯುವ ತನಕ ಆಂಟೆನಾ, ಕೋಡ್ ಅಂತ ಎಳೆದವರು ಅವರೇ.

ಎಡಿಸಿ ಚಿಪ್ಪಿನ ಹೆಸರು ಕೇಳಿ. ಹೇಳದಿದ್ದರೆ ಸುಮ್ನೆ ಬಿಟ್ಟುಬಿಡಿ. ಬೋರ್ಡ್ ಬಂದ ದಿನವೇ, ಡಿಮಾಡ್ಯುಲೇಟರ್ (ಸಿಗ್ನಲ್ಲಿನಿಂದ ಮಾತು ಹೊರತೆಗೆಯುವ ಕೋಡ್) ಬರೆಯುವ ಮುಂಚೆ, ಕಚ್ಚಾ ಸ್ಯಾಂಪಲ್ ಎಣಿಸಿ. ಮಾರಿದವರು ಕೋಡ್ ತಪ್ಪು ಅಂದ ಕೂಡಲೇ ನಿಮ್ಮ ಕೋಡನ್ನು ಅನುಮಾನಿಸಬೇಡಿ. ನಾನು ಮೂರು ವಾರ ಅದನ್ನೇ ಮಾಡಿದ್ದು.